ಹಿಂದಿರುಗಿಸಿದ ಒಂದು ಗುಂಡು

1987ರಲ್ಲಿ ಬಯಲುಸೀಮೆಯಿಂದ ಕೊಡಗಿಗೆ ವರ್ಗವಾಗಿ ಬಂದ ಸರ್ಕಾರಿ ಗುಮಾಸ್ತರೊಬ್ಬರ ಮಗನಾಗಿ ನಾನು ಅಲ್ಲಿನ ಶಾಲೆಯೊಂದರ ಎಂಟನೆಯ ತರಗತಿಗೆ ಸೇರಿದೆ. ಆಗ ಅಲ್ಲಿನ ಮಳೆಗಿಂತಲೂ ನನ್ನನ್ನು ಬೆರಗುಗೊಳಿಸಿದ್ದು ಸಹಪಾಠಿಗಳ ಮನೆಯ ಗೋಡೆಗಳಲ್ಲಿ ತೂಗುತ್ತಿದ್ದ ಕೋವಿಗಳು. ನಮ್ಮ ಊರಿನಲ್ಲಿ ಕೋವಿಯೆಂದರೆ ಪೊಲೀಸ್ ಠಾಣೆಯ ಕಟಕಟೆಯ ಹಿಂದೆ ಸರಪಣಿ ಹಾಕಿ ನಿಲ್ಲಿಸಿದ ವಸ್ತು. ಇಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುವ ಪದ್ಧತಿಯಿತ್ತು. ಸೆಪ್ಟೆಂಬರ್ 3ರ ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಯ ನಳಿಗೆಗೆ ತೋಕ್ ಪೂ (ಕೋವಿ ಹೂ) ಸಿಕ್ಕಿಸಿ ಪೂಜೆ ಮಾಡುತ್ತಿದ್ದರು, ಆಮೇಲೆ ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುವ ಪೈಪೋಟಿ. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಕೋವಿಯ ಲೈಸೆನ್ಸಿನಿಂದ ವಿನಾಯಿತಿಯಿದೆ ಎಂಬುದನ್ನು ಗೆಳೆಯನೊಬ್ಬ ಊಟದ ಬಿಡುವಿನಲ್ಲಿ ಎಷ್ಟು ಹೆಮ್ಮೆಯಿಂದ ವಿವರಿಸಿದ್ದನೆಂದರೆ, ಆ ಸಂಜೆ ಮನೆಗೆ ಹೋಗಿ ನಾವೇಕೆ ಕೊಡವರಲ್ಲ ಎಂದು ಅಪ್ಪನನ್ನು ಕೇಳಿ ಬೈಸಿಕೊಂಡೆ.

ಆ ಹೊಟ್ಟೆಕಿಚ್ಚಿನಿಂದಲೇ ನಾನು ಎನ್‌ಸಿಸಿಗೆ ಹೆಸರು ಕೊಟ್ಟದ್ದು. ನಮ್ಮ ಎನ್‌ಸಿಸಿ ಅಧಿಕಾರಿ ಗಣಿತದ ಮೇಷ್ಟರೇ ಆಗಿದ್ದರು. ಈಗಿನ ವಿದ್ಯಾರ್ಥಿಗಳು ಅವರನ್ನು ನೋಡಿರಲಾರರು. ನನ್ನ ಕಾಲದವರಿಗೆ ಹೆಸರು ಹೇಳಬೇಕಾಗಿಲ್ಲ. ಮೊದಲ ಪರೇಡಿನ ದಿನವೇ ರೈಫಲ್ ಕೈಗೆ ಬರುತ್ತದೆಂದು ಕನಸು ಕಂಡಿದ್ದ ನಾವು ಮೂರು ತಿಂಗಳು ಅದನ್ನು ಮುಟ್ಟಲಿಲ್ಲ. ಸರ್ ಕಪ್ಪು ಹಲಗೆಯ ಮೇಲೆ ಅದರ ಚಿತ್ರ ಬರೆದು ಭಾಗಗಳನ್ನು ಹೇಳಿಸಿದರು, ಕಣ್ಣಿನ ಬಳಿಯ ಬ್ಯಾಕ್‌ಸೈಟಿನ ಕಿಂಡಿಯಲ್ಲಿ ನಳಿಗೆಯ ತುದಿಯ ಫೋರ್‌ಸೈಟಿನ ಮೊನೆ ಎಲ್ಲಿ ನಿಲ್ಲಬೇಕೆಂದು ಸೀಮೆಸುಣ್ಣದಲ್ಲಿ ತೋರಿಸಿದರು, ಮತ್ತೆ ಮತ್ತೆ ಮೂರೇ ಮಾತನ್ನು ಬಾಯಿಪಾಠ ಮಾಡಿಸಿದರು. ಕೋವಿ ಖಾಲಿಯಾಗಿದೆಯೆಂದು ಯಾರು ಹೇಳಿದರೂ ನಂಬದೆ ತುಂಬಿದೆಯೆಂದೇ ತಿಳಿಯಬೇಕು. ಅದರ ಬಾಯಿ ಗುರಿಹಲಗೆಯ ಕಡೆಗಲ್ಲದೆ ಬೇರೆಲ್ಲಿಗೂ ತಿರುಗಬಾರದು. ಗುರಿ ಸೇರುವವರೆಗೆ ಬೆರಳು ಟ್ರಿಗರಿನ ಹೊರಗೆ, ಮರದ ಮೇಲೆ ಚಾಚಿಕೊಂಡಿರಬೇಕು. ಬೆಟಾಲಿಯನ್ನಿನಿಂದ ಬರುತ್ತಿದ್ದ ಹವಾಲ್ದಾರರು, ನಮ್ಮ ಬಾಯಲ್ಲಿ ‘ಉಸ್ತಾದ್’, ಗುರಿಯಿಡುವುದಕ್ಕೆ ಹಿಂದಿಯಲ್ಲಿ ‘ಶಿಸ್ತ್ ಲೇನಾ’ ಎನ್ನುತ್ತಿದ್ದರು. ಶಿಸ್ತು ತೆಗೆದುಕೊಳ್ಳಿ ಎಂದರೆ ನಾವು ಎದೆ ಸೆಟೆಸಿ ಅಟೆನ್ಷನ್‌ನಲ್ಲಿ ನಿಂತುಬಿಡುತ್ತಿದ್ದೆವು. ಉಸ್ತಾದ್ ತಲೆ ಚಚ್ಚಿಕೊಳ್ಳುತ್ತಿದ್ದರೆ ಸರ್ ಮಾತ್ರ, ಇರಲಿ ಬಿಡಿ, ಹುಡುಗರು ಅರ್ಥಮಾಡಿಕೊಂಡದ್ದೂ ತಪ್ಪಲ್ಲ ಎನ್ನುತ್ತಿದ್ದರು.

ರೈಫಲನ್ನು ಒಬ್ಬರಿಂದ ಒಬ್ಬರು ಪಡೆಯುವುದಕ್ಕೇ ಒಂದು ಕ್ರಮವಿತ್ತು. ಕೊಡುವವನು ಬೋಲ್ಟನ್ನು ಹಿಂದಕ್ಕೆಳೆದು ಗುಂಡು ತುಂಬುವ ಜಾಗವನ್ನು ತೆರೆದು ತೋರಿಸಬೇಕು, ಪಡೆಯುವವನು ಕಣ್ಣಿನಿಂದ ನೋಡಿದ ಮೇಲೂ ಕಿರುಬೆರಳನ್ನು ಒಳಗೆ ತೂರಿಸಿ ಗುಂಡಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು, ಆಮೇಲೆ ಇಬ್ಬರೂ ಗಟ್ಟಿಯಾಗಿ ‘ಖಾಲಿ’ ಎನ್ನಬೇಕು. ನಾಲ್ಕನೆಯ ತಿಂಗಳಲ್ಲಿ ನನ್ನ ಸರದಿ ಬಂದು ರೈಫಲ್ ಕೈಗೆ ಬಂದ ಸಂಭ್ರಮದಲ್ಲಿ, ಹಿಂದಿನ ಸಾಲಿನ ಗೆಳೆಯನಿಗೆ ಏನೋ ಹೇಳಲೆಂದು ನಾನು ಇಡೀ ದೇಹವನ್ನು ತಿರುಗಿಸಿದೆ. ನಳಿಗೆಯೂ ನನ್ನೊಂದಿಗೆ ತಿರುಗಿ ಆರು ಹುಡುಗರ ಎದೆಯ ಮುಂದೆ ಹಾದುಹೋಯಿತು. ರೈಫಲ್ ಖಾಲಿಯಾಗಿತ್ತು, ನಾನೇ ಬೆರಳು ಹಾಕಿ ನೋಡಿದ್ದೆ. ಸರ್ ಕೂಗಾಡಲಿಲ್ಲ. ಹತ್ತಿರ ಬಂದು ನಳಿಗೆಯನ್ನು ಅಂಗೈಯಿಂದ ಕೆಳಕ್ಕೆ ಒತ್ತಿ ಹಿಡಿದು, ‘ಈಗ ಎಷ್ಟು ಜನರನ್ನು ದಾಟಿಸಿದೆ, ಎಣಿಸು’ ಎಂದರು. ನಾನು ಆರು ಎಂದೆ. ‘ನನ್ನನ್ನು ಬಿಟ್ಟೆ’ ಎಂದರು. ಆ ವರ್ಷದ ಫೈರಿಂಗಿನಲ್ಲಿ ನನಗೆ ಗುಂಡು ಸಿಗಲಿಲ್ಲ. ಉಳಿದವರು ಹೊಡೆದ ಗುಂಡುಗಳ ಖಾಲಿ ಕೋಕಾಗಳನ್ನು, ಎಂದರೆ ಹಿತ್ತಾಳೆಯ ಚಿಪ್ಪುಗಳನ್ನು, ಹುಲ್ಲಿನಲ್ಲಿ ಹುಡುಕಿ ಎಣಿಸಿ ಲೆಕ್ಕ ಒಪ್ಪಿಸುವ ಕೆಲಸ ಸಿಕ್ಕಿತು. ಹದಿಮೂರು ವರ್ಷದ ಹುಡುಗನಿಗೆ ಒಂದು ವರ್ಷದ ಶಿಕ್ಷೆ ಹೆಚ್ಚಾಯಿತೆಂದು ನನಗೆ ಇಂದಿಗೂ ಅನ್ನಿಸುತ್ತದೆ. ಆದರೆ ಆ ‘ಆರು’ ನನ್ನ ತಲೆಯಿಂದ ಹೋಗಿಲ್ಲ.

ಆ ಕೋಕಾಗಳಿಗೂ ಸರ್ ಒಂದು ಉಪಯೋಗ ಕಂಡುಕೊಂಡಿದ್ದರು. ನಮ್ಮ ಪಾಯಿಂಟ್ ಟೂ ಟೂ ರೈಫಲಿನಲ್ಲಿ ಏನೂ ಇಲ್ಲದೆ ಟ್ರಿಗರ್ ಒತ್ತಿದರೆ ಒಳಗಿನ ಪಿನ್ನು ನಳಿಗೆಯ ಅಂಚಿಗೇ ಹೊಡೆದು ಹಾಳಾಗುತ್ತದೆ. ಆದ್ದರಿಂದ ಲೆಕ್ಕ ಕೊಟ್ಟ ಮೇಲೆ ಉಸ್ತಾದರಿಂದ ಕೇಳಿ ಪಡೆದ ಒಂದೆರಡು ಹಳೆಯ ಕೋಕಾಗಳನ್ನು ಒಳಗಿಟ್ಟು ಅವರು ನಮಗೆ ಒಣ ಅಭ್ಯಾಸ ಮಾಡಿಸುತ್ತಿದ್ದರು. ತರಗತಿಯ ನೆಲದಲ್ಲಿ ಗೋಣಿಚೀಲ ಹಾಸಿ ಮಲಗಿದವನ ನಳಿಗೆಯ ತುದಿಯಲ್ಲಿ, ಫೋರ್‌ಸೈಟಿನ ಪಕ್ಕದಲ್ಲೇ, ಇಪ್ಪತ್ತೈದು ಪೈಸೆಯ ನಾಣ್ಯವೊಂದನ್ನು ಇಡುತ್ತಿದ್ದರು. ಟ್ರಿಗರನ್ನು ಎಳೆದರೆ ನಾಣ್ಯ ಬೀಳುತ್ತದೆ. ನಿಂಬೆಹಣ್ಣಿನ ರಸ ಹಿಂಡುವಂತೆ ಒತ್ತಡವನ್ನು ಸ್ವಲ್ಪಸ್ವಲ್ಪವೇ ಏರಿಸಿ, ‘ಟಕ್’ ಎಂದದ್ದು ನಮಗೇ ಅಚ್ಚರಿಯಾಗುವಂತಿದ್ದರೆ ನಿಲ್ಲುತ್ತದೆ. ಟಕ್ ಎಂದ ಮೇಲೂ ಎರಡು ಎಣಿಸುವವರೆಗೆ ತಲೆಯೆತ್ತದೆ ಫೋರ್‌ಸೈಟನ್ನೇ ನೋಡುತ್ತಿರಬೇಕಿತ್ತು, ಏಕೆಂದರೆ ಎಲ್ಲಿ ಬಿತ್ತೆಂದು ನೋಡುವ ಆತುರದಲ್ಲಿ ಕತ್ತು ಮೇಲೆದ್ದರೆ ಗುಂಡೂ ಅದರ ಜೊತೆಗೆ ಹೋಗುತ್ತದೆ. ಉಸಿರಿನ ಪಾಠ ಇನ್ನೂ ಸರಳ. ಎಳೆದುಕೊಂಡು ಬಿಗಿಹಿಡಿಯುವುದಲ್ಲ, ಹೊರಗೆ ಬಿಟ್ಟ ಮೇಲೆ ಮುಂದಿನ ಉಸಿರಿಗೆ ಮೊದಲು ದೇಹ ತಾನೇ ತಡೆಯುವ ಆ ಕೆಲವು ಸೆಕೆಂಡಿನಲ್ಲಿ ಕೆಲಸ ಮುಗಿಸಬೇಕು. ಮುಗಿಯದಿದ್ದರೆ ಬೆರಳು ತೆಗೆದು ಮತ್ತೆ ಉಸಿರಾಡಬೇಕು.

ನನಗೆ ತುಂಬ ಇಷ್ಟವಾಗಿದ್ದ ಪಾಠ ಬೇರೆಯೇ. ಗುರಿಯಿಟ್ಟ ಮೇಲೆ ಸರ್ ‘ಕಣ್ಣು ಮುಚ್ಚು, ಉಸಿರು ಬಿಡು, ಕಣ್ಣು ತೆರೆ’ ಎನ್ನುತ್ತಿದ್ದರು. ಕಣ್ಣು ತೆರೆದಾಗ ಮೊನೆ ಬಲಕ್ಕೆ ಜರುಗಿದ್ದರೆ ಅದನ್ನು ತೋಳಿನಿಂದ ಎಡಕ್ಕೆ ನೂಕುವಂತಿರಲಿಲ್ಲ, ಮೊಣಕೈಯನ್ನು ಊರಿದ್ದಲ್ಲೇ ಇಟ್ಟು ಹೊಟ್ಟೆ ಮತ್ತು ಕಾಲುಗಳನ್ನು ಸರಿಸಬೇಕಿತ್ತು. ತೋಳು ಸುಳ್ಳು ಹೇಳುತ್ತದೆ, ಅಸ್ಥಿಪಂಜರ ಹೇಳುವುದಿಲ್ಲ ಎಂಬುದು ಅವರ ಮಾತು.

ಮರುವರ್ಷದ ಫೈರಿಂಗಿನ ದಿನ ಎಲ್ಲ ಹುಡುಗರಂತೆ ನಾನೂ ನಿದ್ದೆ ಮಾಡಿರಲಿಲ್ಲ. ಗುಡ್ಡವನ್ನು ಕಡಿದು ಮಾಡಿದ್ದ ಮಣ್ಣಿನ ದಿಬ್ಬದ ಮುಂದೆ ಇಪ್ಪತ್ತೈದು ಮೀಟರ್ ದೂರದಲ್ಲಿ ಗುರಿಹಲಗೆಗಳು, ಮೇಲೆ ಕೆಂಪು ಬಾವುಟ, ಒಬ್ಬೊಬ್ಬನಿಗೆ ಐದೈದು ಗುಂಡು. ಕಡಲೆಕಾಳಿಗಿಂತ ಸಣ್ಣದಾದ ಈ ಗುಂಡು ದಿಬ್ಬ ತಪ್ಪಿದರೆ ಸುಮಾರು ಒಂದು ಮೈಲಿಯವರೆಗೂ ಹೋಗಬಲ್ಲದೆಂದು ಸರ್ ಹೇಳಿ, ದಿಬ್ಬದ ಹಿಂದೆ ಏನೇನಿದೆಯೆಂದು ನಮ್ಮಿಂದಲೇ ಹೇಳಿಸಿದರು: ಕಾಫಿ ತೋಟ, ಕೂಲಿಯವರ ಲೈನ್ ಮನೆಗಳು, ಬಸ್ಸಿನ ರಸ್ತೆ. ಯಾರಿಗೆ ಏನು ಅನುಮಾನ ಬಂದರೂ, ಅವನು ಎಲ್ಲರಿಗಿಂತ ಚಿಕ್ಕವನಾಗಿದ್ದರೂ, ‘ನಿಲ್ಲಿಸಿ’ ಎಂದು ಕೂಗಬಹುದು, ಕೂಗಿದ್ದು ಸುಳ್ಳಾದರೂ ಬೈಗುಳವಿಲ್ಲ ಎಂಬುದು ಅಲ್ಲಿನ ಕಟ್ಟಳೆ.

ನಮ್ಮ ಸರದಿಯಲ್ಲಿ ಉಸ್ತಾದರ ‘ಭರ್’ (ತುಂಬು) ಎಂಬ ಆಜ್ಞೆಯಾಗಿ, ನಾಲ್ಕು ಗುಂಡು ಮುಗಿದು, ಐದನೆಯದನ್ನು ತುಂಬುವ ಹೊತ್ತಿಗೆ ನನ್ನ ಪಕ್ಕದಲ್ಲಿ ಮಲಗಿದ್ದ ಹುಡುಗ ಬೋಲ್ಟ್ ತೆರೆದು ಕೈಯೆತ್ತಿದ. ಅವನ ಮನೆಯಲ್ಲಿ ಎರಡು ಕೋವಿಗಳಿದ್ದವು, ನಮ್ಮೆಲ್ಲರಿಗಿಂತ ಚೆನ್ನಾಗಿ ಹೊಡೆಯುತ್ತಿದ್ದವನು ಅವನೇ. ಏನಾಯಿತೆಂದು ಉಸ್ತಾದ್ ಕೇಳಿದರೆ, ಕಣ್ಣಿಗೆ ನೀರು ಬರುತ್ತಿದೆ, ಮೊನೆ ಎರಡಾಗಿ ಕಾಣುತ್ತಿದೆ, ಹೊಡೆಯುವುದಿಲ್ಲ ಎಂದ. ಉಳಿದ ಗುಂಡನ್ನು ಉಸ್ತಾದರ ಅಂಗೈಗೆ ಹಾಕಿದ. ನಾವೆಲ್ಲ ಅವನನ್ನು ಪೆದ್ದನಂತೆ ನೋಡಿದೆವು, ವರ್ಷಕ್ಕೆ ಐದೇ ಗುಂಡು ಸಿಗುವ ಜಾಗದಲ್ಲಿ ಒಂದನ್ನು ಹಿಂದಿರುಗಿಸುವವರುಂಟೆ. ಆಮೇಲೆ ಸರ್ ಗುರಿಕಾಗದಗಳನ್ನು ತರಿಸಿ, ಗಣಿತದ ಕೈವಾರದಿಂದ ಒಬ್ಬೊಬ್ಬರ ತೂತುಗಳ ಸುತ್ತ ವೃತ್ತ ಎಳೆದರು. ನಡುವಿಗೆ ಬಿದ್ದಿದೆಯೋ ಇಲ್ಲವೋ ಅವರಿಗೆ ಬೇಕಿರಲಿಲ್ಲ, ಒಟ್ಟಿಗೆ ಬಿದ್ದಿದೆಯೇ ಎಂದಷ್ಟೇ ನೋಡುತ್ತಿದ್ದರು. ಗುಂಪು ಬಿಗಿಯಾಗಿದ್ದರೆ ಸೈಟನ್ನು ತಿರುಗಿಸಿ ನಡುವಿಗೆ ತರಬಹುದು, ಚದುರಿದ್ದನ್ನು ಯಾವ ತಿರುಪೂ ಸರಿಮಾಡದು. ನನ್ನ ಕಾಗದದ ಮೇಲೆ ಪೆನ್ಸಿಲಿನಲ್ಲಿ ‘ಗುಂಪು ಸರಿ, ಜಾಗ ತಪ್ಪು’ ಎಂದು ಬರೆದರು. ನಾಲ್ಕೇ ತೂತುಗಳಿದ್ದ ಕಾಗದದ ಮೇಲೆ ಏನು ಬರೆದರೆಂದು ಅವನು ನಮಗೆ ತೋರಿಸಲಿಲ್ಲ, ಆದರೆ ಆ ತಿಂಗಳೇ ಅವನು ಸೆಕ್ಷನ್ ಕಮಾಂಡರ್ ಆದ.

ಇದನ್ನೆಲ್ಲ ನಾನು ಮರೆತೇಬಿಟ್ಟಿದ್ದೆ ಎನ್ನಬಹುದು. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಕೊನೆಯ ಗುಂಡಿಗೆ 10.8 ಹೊಡೆದು ಚಿನ್ನ ಗೆದ್ದಾಗ ಕಚೇರಿಯಲ್ಲಿ ಎಲ್ಲರೊಂದಿಗೆ ಚಪ್ಪಾಳೆ ತಟ್ಟಿದ್ದೇನೋ ನಿಜ, ಅಷ್ಟಕ್ಕೇ ಮುಗಿದಿತ್ತು. 2024ರ ಜುಲೈಯಲ್ಲಿ ಮನು ಭಾಕರ್ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಎರಡು ಕಂಚು ಗೆದ್ದುದನ್ನು ನೋಡಿದ ನನ್ನ ಹತ್ತು ವರ್ಷದ ಮಗಳು ‘ಅಪ್ಪಾ, ನನಗೂ ಕಲಿಸು’ ಎಂದು ಹಟ ಹಿಡಿದ ಮೇಲೆಯೇ ಸರ್ ಮತ್ತೆ ನನ್ನೊಳಗೆ ಮಾತಾಡತೊಡಗಿದರು. ಅಕ್ಕಪಕ್ಕದವರು, ಮನೆಗೇ ಒಂದು ಏರ್‌ಗನ್ ತಂದುಕೊಡಿ, ಟೆರೇಸಿನ ಮೇಲೆ ಡಬ್ಬ ಹೊಡೆಯಲಿ ಎಂದು ಸಲಹೆ ಕೊಟ್ಟರು. ಇಪ್ಪತ್ತೊಂದು ತುಂಬದವರಿಗೆ ನಮ್ಮ ಕಾನೂನು ಬಂದೂಕಿನ ಲೈಸೆನ್ಸ್ ಕೊಡುವುದಿಲ್ಲ. ಏರ್‌ಗನ್‌ ವಿಷಯದಲ್ಲಿ ಅಷ್ಟು ಬಿಗಿಯಿಲ್ಲವೆಂಬುದೇ ಜನ ಅದನ್ನು ಆಟಿಕೆಯೆಂದು ತಿಳಿಯಲು ಕಾರಣ. ಟೆರೇಸಿನಿಂದ ಹಾರಿದ ಸೀಸದ ಗುಂಡು ಪಕ್ಕದ ಮನೆಯ ಕಣ್ಣೊಂದನ್ನು ಕಳೆಯಬಲ್ಲದು. ಜಾತ್ರೆಯ ಬಲೂನಿನ ಅಂಗಡಿಗಳ ಬಗ್ಗೆಯೂ ನನಗೆ ತಕರಾರಿದೆ: ಅಲ್ಲಿ ಮಗು ಕಲಿಯುವುದು ಕೋವಿಯನ್ನು ಹೆಗಲ ಮೇಲೆ ಬೀಸುತ್ತ ಅಪ್ಪನ ಕಡೆಗೆ ತಿರುಗಿ ನಗುವುದನ್ನು. ಆ ನಗು ನನಗೆ ಗೊತ್ತು.

ಬೆಂಗಳೂರಿನ ಹತ್ತು ಮೀಟರಿನ ರೇಂಜೊಂದಕ್ಕೆ ಪ್ರತಿ ಭಾನುವಾರ ಅವಳನ್ನು ಕರೆದುಕೊಂಡು ಹೋಗತೊಡಗಿದೆ. ತರಬೇತುದಾರರ ಅನುಮತಿಯ ಮೇಲೆ ಮೊದಲ ಪಾಠಗಳನ್ನು ನಾನೇ ಹೇಳಿದೆ. ಮೂರು ತಿಂಗಳು ಚಿತ್ರ ಬಿಡಿಸುತ್ತ ಕೂರಲು ಈ ಕಾಲದ ಮಕ್ಕಳು ಒಪ್ಪುವುದಿಲ್ಲ, ಒಪ್ಪಬೇಕೆಂದು ನಾನೂ ಹೇಳಲಾರೆ. ಮೂರು ಭಾನುವಾರ ಸಾಕಾಯಿತು. ನಳಿಗೆ ಯಾರನ್ನೂ ದಾಟಬಾರದೆಂಬ ಮಾತನ್ನು, ಕೋವಿಯ ಬಾಯಿಂದ ಯಾವಾಗಲೂ ಒಂದು ಉದ್ದನೆಯ ದಾರ ಹೊರಗೆ ಚಾಚಿಕೊಂಡಿದೆ, ಅದು ಯಾರಿಗೂ ತಾಗಬಾರದು ಎಂದು ಹೇಳಿದಾಗ ಅವಳಿಗೆ ತಕ್ಷಣ ಹಿಡಿಸಿತು. ರೈಫಲಿನ ಭಾರ ಎಳೆಯ ಬೆನ್ನಿಗೆ ಒಳ್ಳೆಯದಲ್ಲವಾದ್ದರಿಂದ ನಳಿಗೆಯನ್ನು ಸ್ಟ್ಯಾಂಡಿನ ಮೇಲೆ ಇರಿಸಿಯೇ ಅಭ್ಯಾಸ, ಅದೂ ಇಪ್ಪತ್ತು ನಿಮಿಷ. ಗುಂಡು ಸೀಸದ್ದಾದ್ದರಿಂದ ಕೈ ತೊಳೆಯದೆ ಬಿಸ್ಕತ್ತು ಮುಟ್ಟುವಂತಿಲ್ಲ. ಗುರಿಕಾಗದದ ನಡುವಿನ ಹತ್ತರ ಚುಕ್ಕೆ ಅರ್ಧ ಮಿಲಿಮೀಟರ್, ಗುಂಡಿನ ದಪ್ಪ ನಾಲ್ಕೂವರೆ ಮಿಲಿಮೀಟರ್ ಎಂದಾಗ, ‘ಹಾಗಾದರೆ ಗುಂಡು ಚುಕ್ಕೆಯ ಒಂಬತ್ತರಷ್ಟು ಇದೆ, ತಪ್ಪುವುದು ಹೇಗೆ?’ ಎಂದು ನಕ್ಕಳು. ಹೇಗೆ ತಪ್ಪುತ್ತದೆಂದು ಹತ್ತು ನಿಮಿಷದಲ್ಲಿ ಅವಳಿಗೇ ತಿಳಿಯಿತು.

ನಾನೂ ಒಂದು ತಪ್ಪು ಮಾಡಿದೆ. ಅವಳು ಬರೆಯುವುದು ಬಲಗೈಯಲ್ಲಿ, ಆದ್ದರಿಂದ ಬಲ ಹೆಗಲಿಗೇ ಕೋವಿ ಕೊಟ್ಟು, ಎಡಗಣ್ಣು ಮುಚ್ಚಿಸಿ, ಎರಡು ವಾರ ಅವಳ ಮುಖವನ್ನು ಸೊಟ್ಟಗೆ ಮಾಡಿಸಿದೆ. ತರಬೇತುದಾರರು ಅವಳ ಎರಡೂ ಅಂಗೈಗಳನ್ನು ಮುಂದೆ ಚಾಚಿಸಿ, ನಡುವೆ ಸಣ್ಣ ಕಿಂಡಿ ಬಿಡಿಸಿ, ಅದರೊಳಗಿಂದ ಗೋಡೆಯ ಗಡಿಯಾರವನ್ನು ನೋಡಲು ಹೇಳಿದರು. ಎಡಗಣ್ಣು ಮುಚ್ಚಿದಾಗ ಗಡಿಯಾರ ಮಾಯವಾಯಿತು. ಅವಳ ಗುರಿಯ ಕಣ್ಣು ಎಡದ್ದು. ಕೋವಿ ಎಡ ಹೆಗಲಿಗೆ ಹೋದ ದಿನವೇ ಎರಡೂ ಕಣ್ಣು ತೆರೆದು ಹೊಡೆಯತೊಡಗಿದಳು, ಹಣೆಯ ಗಂಟೂ ಸಡಿಲಿತು. ನಮ್ಮ ಶಾಲೆಯಲ್ಲಿ ಎಲ್ಲರನ್ನೂ ಬಲ ಹೆಗಲಿಗೇ ಒಗ್ಗಿಸುತ್ತಿದ್ದರು. ಚೆನ್ನಾಗಿ ಹೊಡೆಯಲಾಗದೆ ಎನ್‌ಸಿಸಿ ಬಿಟ್ಟ ಇಬ್ಬರು ಮೂವರು ಗೆಳೆಯರ ಮುಖಗಳು ಆಗ ನನ್ನ ಕಣ್ಣ ಮುಂದೆ ಬಂದವು.

ಕಳೆದ ಡಿಸೆಂಬರಿನ ಒಂದು ಭಾನುವಾರ ಅವಳಿಗೆ ಐದು ಗುಂಡು ಎಣಿಸಿಕೊಟ್ಟು ನಾನು ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ. ಕೈವಾರವನ್ನು ಅವಳ ಶಾಲೆಯ ಕಂಪಾಸ್ ಪೆಟ್ಟಿಗೆಯಿಂದಲೇ ತೆಗೆದು ಜೇಬಿನಲ್ಲಿಟ್ಟುಕೊಂಡಿದ್ದೆ. ನಾಲ್ಕು ಗುಂಡುಗಳಾದವು. ಐದನೆಯದಕ್ಕೆ ತುಂಬ ಹೊತ್ತು ಹಿಡಿದಳು, ಬೆರಳು ತೆಗೆದಳು, ಉಸಿರಾಡಿದಳು, ಮತ್ತೆ ಕೆನ್ನೆಯಿಟ್ಟಳು, ಮತ್ತೆ ಬೆರಳು ತೆಗೆದಳು. ಕೊನೆಗೆ ಮುಂದಕ್ಕೇ ಮುಖವಿಟ್ಟುಕೊಂಡು ತರಬೇತುದಾರರನ್ನು ಕರೆದು, ಗುಂಡು ತುಂಬಿದೆ, ಹೇಗೆ ತೆಗೆಯಲಿ ಎಂದು ಕೇಳಿದಳು. ಅವರು ಪಕ್ಕದಲ್ಲಿ ನಿಂತು ಅದನ್ನು ತೆಗೆದರು, ನಳಿಗೆಯೊಳಗೆ, ಗುಂಡಿಲ್ಲವೆಂದು ತೋರಿಸುವ ಕಿತ್ತಳೆ ಬಣ್ಣದ ಸೇಫ್ಟಿ ದಾರವನ್ನು ಅವಳೇ ತೂರಿಸಿದಳು. ಕೈ ನಡುಗುತ್ತಿತ್ತು ಅಪ್ಪಾ ಎಂದಳು, ಬಂದು ನನ್ನ ಅಂಗೈಯಲ್ಲಿ ಆ ಸೀಸದ ಕಾಳನ್ನು ಇಟ್ಟು, ಕೈ ತೊಳೆಯಲು ಹೋದಳು.