ಬಲೆಗೆ ಬೀಳದ್ದು ಕೆರೆಯಲ್ಲೇ ಇಲ್ಲ ಅಂದುಕೊಂಡೆ

ಬೆಂಗಳೂರಿನ ಅಂಚಿನ ಒಂದು ಕೆರೆಯ ನೀರನ್ನು ಸಣ್ಣ ಕಣ್ಣಿನ ಬಲೆಯಲ್ಲಿ ಸೋಸಿ, ಅದರೊಳಗಿನ ಸೂಕ್ಷ್ಮಜೀವಿಗಳನ್ನು ಎಣಿಸಲು ಮೂರು ವರ್ಷದಿಂದ ನಾವೇ ಸ್ಯಾಂಪಲ್ ತೆಗೆಯುತ್ತಿದ್ದೇವೆ. ಪ್ರತಿ ಸಲವೂ ಸ್ಲೈಡ್ ತುಂಬ ಬ್ರಾಕಿಯೋನಸ್, ನಡುನಡುವೆ ಕೆರಟೆಲ್ಲಾ. ಎರಡೂ ರೋಟಿಫರ್ ಅನ್ನುವ, ಬರಿಗಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು. ಕೊಳಚೆ ಸೇರುವ ಕೆರೆ ಅಂದರೆ ಇದೇ ಪಾಡು. ಕಳೆದ ಏಪ್ರಿಲ್‌ನಲ್ಲಿ ಮಾತ್ರ ಸೆಡ್ಜ್‌ವಿಕ್ ರಾಫ್ಟರ್ ಸೆಲ್ ಅನ್ನುವ ಎಣಿಕೆಯ ಸ್ಲೈಡ್‌ನಲ್ಲಿ ರೋಟಿಫರ್ ಹುಡುಕಿದರೂ ಸಿಗಲಿಲ್ಲ. ಬರೀ ಮೊಯಿನಾ, ಸೈಕ್ಲಾಪ್ಸ್, ಅಂದರೆ ರೋಟಿಫರ್‌ಗಿಂತ ದೊಡ್ಡ ನೀರುಜೀವಿಗಳು.

ನನಗೋ ಹಿಗ್ಗೋ ಹಿಗ್ಗು. ಒಳಚರಂಡಿ ನೀರನ್ನು ಬೇರೆ ಕಡೆ ತಿರುಗಿಸುವ ಕೆಲಸ ಆಗಷ್ಟೇ ಮುಗಿದಿತ್ತು. ಅದರದ್ದೇ ಫಲ ಅಂದುಕೊಂಡೆ. ಆದರೆ ಜೀವವೈವಿಧ್ಯ ಅಳೆಯುವ ಶ್ಯಾನನ್ ಸೂಚ್ಯಂಕ ಇಳಿದಿತ್ತು. ಕೆರೆ ಸುಧಾರಿಸಿದ್ದರೆ ಅದು ಏರಬೇಕಿತ್ತು, ಅಲ್ವಾ? ‘ಬದಲಾವಣೆಯ ಹಂತ’ ಅಂತ ವರದಿಯಲ್ಲಿ ಒಂದು ಸಾಲು ಗೀಚಿ ಮುಂದಕ್ಕೆ ಹೋದೆ. ಮೊಯಿನಾ ಕೊಳಚೆಯಲ್ಲೂ ದಂಡಿಯಾಗಿ ಬೆಳೆಯುತ್ತದೆ ಅನ್ನೋದು ನನಗೆ ಗೊತ್ತಿಲ್ಲದ್ದೇನಲ್ಲ.

ಏರಿ ಪಕ್ಕದ ಶೆಡ್‌ನಲ್ಲಿ ಸಭೆ. ‘ಕೆರೆ ಚೇತರಿಸಿಕೊಳ್ಳುತ್ತಿದೆ’ ಅನ್ನುವ ಸ್ಲೈಡ್ ಬಂತು. ಒಂದಿಬ್ಬರು ಚಪ್ಪಾಳೆಯನ್ನೂ ತಟ್ಟಿದರು. ಆಗ ಹಿಂದಿನ ಸಾಲಿನಿಂದ ಮೀನಿನ ಗುತ್ತಿಗೆಯವರು ಎದ್ದರು.

“ಮೇಡಂ, ನೀರು ಚೆನ್ನಾಗಾಗಿದ್ರೆ ಬೆಳಗಿನ ಜಾವ ಮೀನು ಯಾಕೆ ಮೇಲೆ ಬಂದು ಬಾಯಿ ಬಿಡ್ತವೆ?”

ಕಿಟಕಿಯಾಚೆ ನೋಡಿದೆ. ನೀರು ಹೋದ ವರ್ಷದಷ್ಟೇ ಹಸಿರಾಗಿತ್ತು. ಬೆಳಿಗ್ಗೆ ಅದರ ಪಕ್ಕದಲ್ಲೇ ನಡೆದು ಬಂದಿದ್ದೆ. “ಅದಕ್ಕೆ ಬೇರೆ ಕಾರಣ ಇರಬಹುದು, ನೋಡ್ತೀವಿ ಅಣ್ಣ” ಅಂದೆ. ದನಿ ನನಗೇ ಹಿಡಿಸಲಿಲ್ಲ. ನಮ್ಮ ಸರ್ ಮೊಬೈಲ್‌ನಿಂದ ತಲೆ ಎತ್ತಲಿಲ್ಲ. ಉಳಿದ ನಾಲ್ಕು ಸ್ಲೈಡ್‌ಗಳನ್ನು ಹೇಗೆ ಓದಿದೆನೋ ನೆನಪಿಲ್ಲ.

ಸಂಜೆ ಲ್ಯಾಬಿಗೆ ಹೋದವಳೇ ಏಪ್ರಿಲ್ ಸ್ಯಾಂಪಲ್ ದಿನದ ಫೈಟೋ ಬಾಟಲಿ, ಅಂದರೆ ಪಾಚಿ ಎಣಿಸಲು ಇಟ್ಟ ಬಾಟಲಿ ತೆಗೆದೆ. ಅದು ಬಲೆಯಲ್ಲಿ ಸೋಸದೆ ನೇರ ಕೆರೆಯಿಂದ ತುಂಬಿ, ಕೆಡದಂತೆ ಲ್ಯೂಗಾಲ್ ಅಯೋಡಿನ್ ದ್ರಾವಣ ಹಾಕಿಟ್ಟ ನೀರು. ಒಂದು ಹನಿ ಸಾಕಾಯಿತು. ಬ್ರಾಕಿಯೋನಸ್, ಎಣಿಸಿದಷ್ಟೂ ಬ್ರಾಕಿಯೋನಸ್!

ಆಮೇಲೆ ಬಲೆಯ ಅಂಚಿನ ಒಂದು ಚೂರನ್ನು ಸ್ಲೈಡ್ ಮೇಲಿಟ್ಟು ಸೂಕ್ಷ್ಮದರ್ಶಕದ ಆಕ್ಯುಲರ್ ಅಳತೆಪಟ್ಟಿಯಲ್ಲಿ ಅಳೆದೆ. ಬಲೆಯ ಕಣ್ಣು 150 ಮೈಕ್ರಾನ್ ಆಸುಪಾಸು! ನಮ್ಮ ಹಳೆಯ 60 ಮೈಕ್ರಾನ್ ಬಲೆ ಫೆಬ್ರವರಿಯಲ್ಲಿ ಹರಿದಿತ್ತು. ಸ್ಟೋರ್‌ನವರು ಕಡಿಮೆ ರೇಟಿಗೆ ಸಿಕ್ಕಿದ್ದನ್ನು ತರಿಸಿ ಕೊಟ್ಟಿದ್ದರು. ನಾನು ಅದರ ಚೀಟಿಯನ್ನೂ ನೋಡದೆ 50 ಲೀಟರ್ ಸೋಸಿದ್ದೆ. ಸಣ್ಣ ರೋಟಿಫರ್‌ಗಳೆಲ್ಲ ತೂರಿಕೊಂಡು ಹೋಗಿದ್ದವು. ದಪ್ಪನೆಯವು ಮಾತ್ರ ನನ್ನ ಪಾಲಿಗೆ ಉಳಿದಿದ್ದವು. ಒಂದು ವೇಳೆ ರೋಟಿಫರ್ ಜಾಸ್ತಿಯಾಗಿ ಬಂದಿದ್ದರೆ ಅವತ್ತೇ ಬಲೆ, ಬಾಟಲಿ, ಫಾರ್ಮಲಿನ್ ಎಲ್ಲ ಜಾಲಾಡಿಸುತ್ತಿದ್ದೆ. ಬೇಕಾದ ಉತ್ತರ ಬಂತು ನೋಡಿ, ಸುಮ್ನೆ ನಂಬಿಬಿಟ್ಟೆ.

ಮಾರನೇ ದಿನ ಮೊದಲು ಫೋನ್ ಮಾಡಿದ್ದು ಗುತ್ತಿಗೆಯವರಿಗೆ. “ನಿಮ್ಮ ಮಾತೇ ಸರಿ ಅಣ್ಣ” ಅಂದೆ. “ಮೀನು ಸುಳ್ಳು ಹೇಳಲ್ಲ ಬಿಡಿ ಮೇಡಂ” ಅಂತ ನಕ್ಕರು. ವರದಿ ವಾಪಸ್ ತರಿಸಿಕೊಳ್ಳಲು ಮಾತ್ರ ಹನ್ನೊಂದು ದಿನ, ಮೂರು ಸಹಿ ಬೇಕಾಯಿತು.

ಈಗ ಪ್ರತಿ ಬಲೆಗೂ ಬಣ್ಣದ ದಾರ ಕಟ್ಟಿದ್ದೇನೆ, 60ಕ್ಕೆ ಕೆಂಪು. ಸ್ಟೋರ್ ರಿಜಿಸ್ಟರ್‌ನಲ್ಲಿ ಮಾತ್ರ ಇವತ್ತಿಗೂ ಬರೆಯುವುದು ಇಷ್ಟೇ: ‘ಬಲೆ – 1’.