ಬಾಲ್ ಹೇಳು, ಜಾಣ

ನಾನು ಸ್ಪೀಚ್ ಥೆರಪಿಸ್ಟ್. ಗಂಗಾವತಿ ಕಡೆಯ ಒಂದು ಹುಡುಗ ನಮ್ಮ ಸೆಂಟರಿಗೆ ಬರ್ತಿದ್ದ. ಎರಡು ವರ್ಷ ನಾಲ್ಕು ತಿಂಗಳು. ಮಕ್ಕಳ ಆರೋಗ್ಯ ತಪಾಸಣೆ ಮಾಡುವ ಸರ್ಕಾರಿ ಆರ್‌ಬಿಎಸ್‌ಕೆ ತಂಡ ರೆಫರ್ ಮಾಡಿದ ಕೇಸು. ಕಿವಿಯ ಪರೀಕ್ಷೆ ಎರಡೂ ಸರಿ ಇತ್ತು: ಓಎಇ ಪಾಸ್, ಬೆರಾ ನಾರ್ಮಲ್. ರೀಲ್ಸ್ ಹಾಕಿ ನೋಡಿದೆ (ಫೋನಿನ ರೀಲ್ಸ್ ಅಲ್ಲ, ಪುಟ್ಟ ಮಕ್ಕಳ ಭಾಷೆ ಅಳೆಯೋ ಒಂದು ಪರೀಕ್ಷೆ). ಹೇಳಿದ್ದೆಲ್ಲ ಅರ್ಥ ಆಗುತ್ತೆ, ಮಾತು ಮಾತ್ರ ಹಿಂದೆ. ಎರಡು ವರ್ಷಕ್ಕೆ ಸುಮಾರು 50 ಪದ ಬಂದು, ಎರಡೆರಡು ಪದ ಜೋಡಿಸೋಕೆ ಶುರು ಮಾಡಿರಬೇಕು. ನನ್ನ ಶೀಟಿನಲ್ಲಿ ಇದ್ದದ್ದು 3: ಅವ್ವ, ಬಾ, ತಾ.

ತಾಯಿ ರೈಸ್ ಮಿಲ್ಲಿಗೆ ಹೋಗುವವಳು. ಶಕ್ತಿ ಯೋಜನೆ ಬಂದ ಮೇಲೆ ಬಸ್ ಚಾರ್ಜಿನ ಚಿಂತೆ ಇಲ್ಲ, ಆದ್ರೆ ಇಲ್ಲಿಗೆ ಬಂದ ದಿನದ ಕೂಲಿ ಹೋದಂತೆಯೇ. ಆದ್ರೂ ಒಂದು ವಾರವೂ ತಪ್ಪಿಸಲಿಲ್ಲ. ನಾನು ಮನೆಯಲ್ಲಿ ಮಾಡಿಸೋಕೆ ಅಂತ ಹೋಮ್ ಪ್ರೋಗ್ರಾಂ ಕೊಟ್ಟೆ, ಫ್ಲ್ಯಾಶ್ ಕಾರ್ಡ್ ಕೊಟ್ಟೆ, ಟಿಕ್ ಹಾಕುವ ಚಾರ್ಟ್ ಕೊಟ್ಟೆ. (ಆ ಕಾರ್ಡುಗಳಲ್ಲಿ ಇಗ್ಲೂ ಕೂಡ ಇದೆ. ಕೊಪ್ಪಳದ ಬಿಸಿಲಿಗೆ ಇಗ್ಲೂ!) "ಮಗೂನ ಪರೀಕ್ಷೆ ಮಾಡಬೇಡಿ, ಅವನು ನೋಡ್ತಿರೋದರ ಬಗ್ಗೆ ನೀವೇ ಮಾತಾಡಿ, ಆಮೇಲೆ ಸುಮ್ನೆ ಕಾಯಿರಿ" ಅಂತ ಹತ್ತು ಸಲ ಹೇಳಿದೆ. "ಹೂಂರಿ ಮೇಡಂ" ಅಂದಳು. ನಾಲ್ಕನೇ ವಾರ ಚಾರ್ಟ್ ತಂದಳು. ಎಲ್ಲಾ ಟಿಕ್ಕು ಒಂದೇ ಪೆನ್ನಿನಲ್ಲಿ, ಒಂದೇ ಓಟದಲ್ಲಿ ಹಾಕಿದ ಹಾಗಿತ್ತು.

ಸುಳ್ಳು ಹೇಳ್ತಿದ್ದಾಳೆ ಅಂತ ತೀರ್ಮಾನ ಮಾಡಿಬಿಟ್ಟೆ. ಮನೆಯಲ್ಲಿ ಮಾಡೋದನ್ನ ವಿಡಿಯೋ ಮಾಡಿಕೊಂಡು ಬಾ ಅಂದೆ. ತಂದಳು. ಆಗ ಇಂಟರ್ನ್‌ಶಿಪ್ಪಿಗೆ ಬಂದ ಇಬ್ಬರು ಹುಡುಗಿಯರು ಪಕ್ಕದಲ್ಲಿದ್ದರು. ಇವರಿಗೂ ಒಂದು ಪಾಠ ಆಗಲಿ ಅಂತ ಫೋನನ್ನ ಎಲ್ಲರಿಗೂ ಕಾಣುವ ಹಾಗೆ ಇಟ್ಟು, ಸೌಂಡ್ ಜಾಸ್ತಿ ಮಾಡಿ ಪ್ಲೇ ಮಾಡಿದೆ. ಆ ಹೊತ್ತು ನನಗಿದ್ದ ಜಂಬ ನೆನೆಸಿಕೊಂಡರೆ ಈಗಲೂ ಮೈ ಹಿಡಿ ಆಗುತ್ತೆ.

ವಿಡಿಯೋ ಒಂದು ನಿಮಿಷವೂ ಇಲ್ಲ. ಅಜ್ಜಿ ಒಲೆ ಮುಂದೆ ಕೂತು ರೊಟ್ಟಿ ಬಡೀತಿದ್ದಾಳೆ. ಹುಡುಗ ಪಕ್ಕದಲ್ಲಿ. ಅವನ ಮುಖಕ್ಕೆ ಅಡ್ಡ ಒಂದು ಕಾರ್ಡು. ಹಿಂದಿನಿಂದ ತಾಯಿ ದನಿ: "ಇದೇನು? ಹೇಳು. ಬಾಲ್ ಹೇಳು, ಜಾಣ. ಬಾಲ್."

ಆ 'ಜಾಣ' ನನ್ನದು. ಗಂಗಾವತಿ ಕಡೆಯವರ ಮಾತಿನ ಧಾಟಿಯೇ ಅಲ್ಲ ಅದು, ಮೈಸೂರಲ್ಲಿ ಓದುವಾಗ ನನಗೆ ಅಂಟಿದ ರಾಗ. ಕಾರ್ಡನ್ನ ಮೂಗಿನ ಹತ್ತಿರ ಹಿಡಿಯೋದೂ ನನ್ನದೇ. ಪ್ರತಿ ವಾರ ಡೇಟಾ ಶೀಟ್ ತುಂಬಬೇಕಲ್ಲ, ಅದಕ್ಕೆ ಅರ್ಧ ಗಂಟೆ "ಇದೇನು, ಇದೇನು" ಅಂತ ಕೇಳಿ, ಕೊನೆಯ ಐದು ನಿಮಿಷದಲ್ಲಿ ಅವಳಿಗೆ "ಹಾಗೆ ಕೇಳಬೇಡಿ" ಅಂತಿದ್ದೆ. ಅವಳು ಕಲಿತದ್ದು ಆ ಅರ್ಧ ಗಂಟೆಯನ್ನ.

ರೂಮಲ್ಲಿ ಯಾರೂ ಮಾತಾಡಲಿಲ್ಲ. ಅವಳು ನನ್ನ ಮುಖವನ್ನೇ ನೋಡ್ತಿದ್ದಳು, ಸರಿಯಾಗಿ ಮಾಡಿದ್ದೀನಾ ಅಂತ. ಆಗ ಒಬ್ಬ ಇಂಟರ್ನ್ ಮೆಲ್ಲಗೆ, "ಮೇಡಂ, ಇನ್ನೊಂದ್ಸಲ ಹಾಕ್ತೀರಾ? ಅವನು ರೊಟ್ಟಿ ಅಂದ್ನಲ್ವಾ?" ಅಂದಳು.

ಮತ್ತೆ ಹಾಕಿದೆ. ಹುಡುಗ ಕಾರ್ಡಿನ ಪಕ್ಕದಿಂದ ತಲೆ ಹೊರಗೆ ಚಾಚಿ, ಹಂಚಿನ ಕಡೆ ಕೈ ತೋರಿಸಿ "ಒಟ್ಟಿ" ಅಂತಾನೆ. ತಾಯಿ, "ಅದಲ್ಲ, ಇಲ್ಲಿ ನೋಡು. ಬಾಲ್."

ನಾಲ್ಕು ವಾರ ನಾನೂ ಇಂಥ ಎಷ್ಟು 'ಒಟ್ಟಿ'ಗಳನ್ನ ತಳ್ಳಿಹಾಕಿದ್ದೆನೋ. ಶೀಟಿನಲ್ಲಿ ಅದಕ್ಕೆ ಜಾಗ ಇರಲಿಲ್ಲ. ಮೇಲಿನವರು ಕೇಳೋದು ಸೆಷನ್ ಎಷ್ಟಾಯ್ತು ಅಂತ ಮಾತ್ರ. ಮಗು ದಿನವಿಡೀ ಯಾರ ಜೊತೆ ಇರುತ್ತೆ ಅನ್ನೋದಕ್ಕೆ ಒಂದು ಕಾಲಂ ಇಲ್ಲ. ನಾನೂ ಕೇಳಿರಲಿಲ್ಲ ಬಿಡಿ. ಅಜ್ಜಿ ಪ್ರತಿ ವಾರ ಜೊತೆಗೇ ಬರ್ತಿದ್ದಳು. ಒಬ್ಬರೇ ಒಳಗೆ ಅಂತ ನಾನೇ ರೂಲ್ಸ್ ಮಾಡಿ ಅವಳನ್ನ ಕಾರಿಡಾರಿನಲ್ಲಿ ಕೂರಿಸಿದ್ದೆ.

ಮುಂದಿನ ವಾರ ಇಬ್ಬರನ್ನೂ ಒಳಗೆ ಕರೆದೆ. ಕಾರ್ಡು ತೆಗೆದಿಟ್ಟೆ. ಚಾಪೆ ಮೇಲೆ ಬುತ್ತಿ ಬಿಚ್ಚೋಕೆ ಹೇಳಿದೆ. ಅಜ್ಜಿ ಹುಡುಗನ ಎದುರು ಕೂತು, ಅವನು ಬಾಯಿ ತೆರೆಯೋ ಮೊದಲೇ ರೊಟ್ಟಿ ಚೂರು ತುರುಕಿದಳು. ಹತ್ತು ಎಣಿಸೋವರೆಗೆ ಕೈಯಲ್ಲೇ ಹಿಡಕೊಂಡು ಕಾಯಿರಿ ಅಂದೆ. ಆರಕ್ಕೇ ಕೊಟ್ಟಳು. ಎರಡನೇ ಸಲ ತಾಯಿ ಅತ್ತೆಯ ಕೈ ಹಿಡಿದುಕೊಂಡಳು. ಏಳು, ಎಂಟು. "ಒಟ್ಟಿ."

"ಹೂಂ, ಜ್ವಾಳದ ರೊಟ್ಟಿ," ಅಂದಳು ತಾಯಿ, ತನ್ನದೇ ಧಾಟಿಯಲ್ಲಿ. ನಾನು ಕೈ ಕಟ್ಟಿ ಕೂತಿದ್ದೆ. ಸುಮ್ನೆ ಕೂರೋದು ಇಷ್ಟು ಕಷ್ಟ ಅಂತ ಗೊತ್ತಿರಲಿಲ್ಲ.

ಹೋಗುವಾಗ ಕಾರಿಡಾರಿನಲ್ಲಿ ಅಜ್ಜಿ ಸೊಸೆಗೆ ಹೇಳ್ತಿದ್ದದ್ದು ಒಳಗೆ ಕೇಳಿಸಿತು: "ಇವತ್ತ ಮೇಡಮ್ಮಾರ ಏನೂ ಮಾಡ್ಲಿಲ್ಲ ನೋಡವಾ. ಸುಮ್ಮನ ಕುಂತಿದ್ರು."