ಗಣಿಯ ಹೆಡ್‌ಗೇರ್ ಕಟ್ಟುವ ಎಂಟನೇ ತರಗತಿ

ದಕ್ಷಿಣ ಆಫ್ರಿಕಾದ ಶಾಲೆಗಳಲ್ಲಿ ಏಳರಿಂದ ಒಂಬತ್ತನೇ ತರಗತಿವರೆಗೆ ಟೆಕ್ನಾಲಜಿ ಅಂತ ಒಂದು ಕಡ್ಡಾಯ ವಿಷಯ ಇದೆ. ಊರಿಗೆ ಫೋನ್ ಮಾಡಿ ಹೇಳಿದರೆ ಎಲ್ಲರೂ ಕಂಪ್ಯೂಟರ್ ಪಾಠ ಅಂದುಕೊಳ್ಳುತ್ತಾರೆ. ಇದಕ್ಕೂ ಕಂಪ್ಯೂಟರಿಗೂ ಹೆಚ್ಚಿನ ನಂಟಿಲ್ಲ. ಕಟ್ಟಡ, ಗೋಪುರ, ಸೇತುವೆ ಹೇಗೆ ನಿಲ್ಲುತ್ತವೆ ಅನ್ನುವುದು ಒಂದು ಭಾಗ. ಸನ್ನೆ, ಗಾಲಿ, ರಾಟೆ, ಗೇರುಗಳ ಕೆಲಸ ಇನ್ನೊಂದು. ಸಾಮಾನುಗಳನ್ನು ಹದ ಮಾಡುವುದು, ಕೆಡದಂತೆ ಇಡುವುದು ಮತ್ತೊಂದು. ಕೊನೆಯದು ಕರೆಂಟು. ಓದಿ ಬರೆದರೆ ಸಾಲದು, ಪ್ರತಿ ಟರ್ಮಿಗೂ ಏನಾದರೂ ಒಂದನ್ನು ಕೈಯಾರೆ ಮಾಡಿ ತೋರಿಸಬೇಕು. ಈಗಿನ ಪಠ್ಯಕ್ರಮ ಈ ತರಗತಿಗಳಿಗೆ ಬಂದದ್ದು 2014ರಲ್ಲಿ.

ಏಳನೇ ತರಗತಿಯಲ್ಲಿ ನನ್ನ ಮಗ ಮೊಳೆಗೆ ತಂತಿ ಸುತ್ತಿ ಗುಜರಿ ಕಬ್ಬಿಣ ಎತ್ತುವ ಕ್ರೇನ್ ಮಾಡಿದ್ದ. ಚೆನ್ನಾಗಿತ್ತು, ಮರೆತೂ ಹೋಯಿತು. ಎಂಟನೇ ತರಗತಿಯಲ್ಲಿ ಕೊಟ್ಟ ಕೆಲಸ ನೋಡಿದಾಗ ಮಾತ್ರ ನಾನು ಹಾಳೆಯನ್ನು ಇನ್ನೊಮ್ಮೆ ಓದಿದೆ. ಗಣಿಯ ಶಾಫ್ಟಿನ ಮೇಲೆ ನಿಲ್ಲುವ ಹೆಡ್‌ಗೇರಿನ ಮಾದರಿ ಕಟ್ಟಬೇಕಂತೆ!

ರಾಯಚೂರು ಜಿಲ್ಲೆಯ ಚಿನ್ನದ ಗಣಿ ಊರು ಹಟ್ಟಿಯಲ್ಲಿ ಹುಟ್ಟಿ ಬೆಳೆದವಳಿಗೆ ಹೆಡ್‌ಗೇರ್ ಏನು ಅಂತ ಯಾರೂ ಹೇಳಿಕೊಡಬೇಕಿಲ್ಲ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ನೆಲದಿಂದ ಪಾತಾಳಕ್ಕೆ ಇಳಿಯುವ ಬಾವಿಯಂಥ ದಾರಿಗೆ ಶಾಫ್ಟ್ ಅನ್ನುತ್ತಾರೆ. ಅದರ ಬಾಯಿಯ ಮೇಲೆ ನಿಂತ ಕಬ್ಬಿಣದ ಗೋಪುರವೇ ಹೆಡ್‌ಗೇರ್. ಅದರ ನೆತ್ತಿಯಲ್ಲಿ ದೊಡ್ಡ ಗಾಲಿ. ಗಾಲಿಯ ಮೇಲೆ ಹಾದ ಉಕ್ಕಿನ ಹಗ್ಗದ ಒಂದು ತುದಿಯಲ್ಲಿ ಜನ ಇಳಿಯುವ ಕೇಜ್, ಇನ್ನೊಂದು ತುದಿ ದೂರದ ಮನೆಯಲ್ಲಿ ಹಗ್ಗ ಸುತ್ತಿ ಬಿಚ್ಚುವ ಯಂತ್ರದ, ಅಂದರೆ ವೈಂಡರಿನ, ಡ್ರಮ್ಮಿಗೆ. ನಮ್ಮೂರಲ್ಲಿ ಮಲ್ಲಪ್ಪ ಶಾಫ್ಟ್, ಸೆಂಟ್ರಲ್ ಶಾಫ್ಟ್, ವಿಲೇಜ್ ಶಾಫ್ಟ್ ಅಂತ ಹೆಸರುಗಳು. ಶಾಲೆ ಬಯಲಲ್ಲಿ ಪ್ರಾರ್ಥನೆಗೆ ನಿಂತರೆ ಗಾಲಿ ತಿರುಗುವುದು ಕಾಣುತ್ತಿತ್ತು. ನನ್ನ ಅಪ್ಪ ಅದೇ ಗಣಿಯಲ್ಲಿ ವೈಂಡರ್ ನಡೆಸಿ ನಿವೃತ್ತರಾದವರು.

ಜೋಹಾನ್ಸ್‌ಬರ್ಗ್ ಕೂಡ ಚಿನ್ನದಿಂದಲೇ ಹುಟ್ಟಿದ ಊರು. 1886ರಲ್ಲಿ ಇಲ್ಲಿ ಚಿನ್ನ ಸಿಕ್ಕಿತು, ಬರೀ ಹುಲ್ಲುಗಾವಲಾಗಿದ್ದ ಜಾಗ ನೋಡನೋಡುತ್ತ ನಗರವಾಯಿತು. ಊರ ದಕ್ಷಿಣಕ್ಕೆ ಹೋದರೆ ಗಣಿ ಮಣ್ಣಿನ ಹಳದಿ ಗುಡ್ಡಗಳು ಈಗಲೂ ಇವೆ. ಗಾಳಿ ಬಂದರೆ ಆ ಧೂಳು ಮನೆಯೊಳಗೆ ಬರುತ್ತದೆ. ಇಲ್ಲಿನ ಎಂಪೊನೆಂಗ್ ಗಣಿ ಸುಮಾರು 4 ಕಿಲೋಮೀಟರ್ ಆಳಕ್ಕೆ ಹೋಗಿದೆ. ಅದನ್ನು ಕೇಳಿ ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: "ಹಗ್ಗದ ತೂಕ ಎಷ್ಟಾದೀತು?"

ಆಳ ಹೆಚ್ಚಾದಷ್ಟೂ ಹಗ್ಗದ ತೂಕವೇ ದೊಡ್ಡ ತೊಂದರೆ. ಕೇಜಿಗಿಂತ ಹಗ್ಗವೇ ಭಾರವಾಗುತ್ತದೆ. ಹಾಗಾಗಿ ಬಹಳ ಆಳದ ಗಣಿಗಳಲ್ಲಿ ಒಂದೇ ಏಟಿಗೆ ತಳ ಮುಟ್ಟುವುದಿಲ್ಲ. ಅರ್ಧ ದಾರಿಯಲ್ಲಿ ಇಳಿದು, ನೆಲದೊಳಗೇ ಇರುವ ಇನ್ನೊಂದು ಶಾಫ್ಟಿನ ಕೇಜ್ ಹತ್ತಬೇಕು.

ಮಗ ಹಳೆ ಪೇಪರ್ ಸುತ್ತಿ ಕೊಳವೆ ಮಾಡಿದ. ಹಾಳೆಯಾಗಿದ್ದಾಗ ಜೋತು ಬೀಳುವ ಪೇಪರ್, ಗಟ್ಟಿಯಾಗಿ ಸುತ್ತಿದರೆ ತಕ್ಕಮಟ್ಟಿಗೆ ಭಾರ ಹೊರುತ್ತದೆ. ಆ ಕೊಳವೆಗಳಿಂದ ನಾಲ್ಕು ಕಾಲಿನ ನೆಟ್ಟಗಿನ ಗೋಪುರ ಎಬ್ಬಿಸಿದ. ಚೌಕಗಳಿಗೆಲ್ಲ ಮೂಲೆಯಿಂದ ಮೂಲೆಗೆ ಅಡ್ಡ ಕಡ್ಡಿ ಕೊಟ್ಟ. ಅದು ಕ್ಲಾಸಲ್ಲಿ ಹೇಳಿಕೊಟ್ಟದ್ದು. ಚೌಕದ ಮೂಲೆ ಒತ್ತಿದರೆ ವಾರೆಯಾಗುತ್ತದೆ. ತ್ರಿಕೋನ ವಾರೆಯಾಗಬೇಕಾದರೆ ಅದರ ಒಂದು ಬದಿಯೇ ಮುರಿಯಬೇಕು, ಇಲ್ಲವೇ ಉದ್ದ ಬದಲಾಗಬೇಕು. ಟವರ್, ಕ್ರೇನ್, ರೈಲು ಸೇತುವೆ, ಎಲ್ಲ ಕಡೆ ತ್ರಿಕೋನ ಕಾಣುವುದು ಅದಕ್ಕೇ.

ಸಂಜೆ ಇಲ್ಲಿ ಆರು ಅಂದರೆ ಹಟ್ಟಿಯಲ್ಲಿ ರಾತ್ರಿ ಒಂಬತ್ತೂವರೆ. ಅಪ್ಪ ಊಟ ಮುಗಿಸಿ ಕೂತಿರುತ್ತಾರೆ. ಮಗ ಫೋನನ್ನು ಗೋಪುರದ ಸುತ್ತ ತಿರುಗಿಸಿ ತೋರಿಸಿದ.

"ನಾಕೂ ಕಾಲು ನೆಟ್ಟಗ ನಿಂದ್ರಸೀಯಲ್ಲಪಾ, ಹಗ್ಗ ಎಳದ್ರ ಇದು ಯಾವ ಕಡಿ ಬೀಳ್ತೈತಿ?"

"ಬೀಳಲ್ಲ ತಾತಾ, ತ್ರಿಕೋನ ಹಾಕಿದೀನಿ."

"ಹಾಕೀಯಪಾ. ಎಳದು ನೋಡು."

ಎಳೆದ. ಗೋಪುರ ಮುರಿಯಲಿಲ್ಲ, ಇಡಿಯಾಗಿ ಡ್ರಮ್ಮಿನ ಕಡೆ ಮಗುಚಿತು. ತ್ರಿಕೋನ ಗೋಪುರವನ್ನು ಗಟ್ಟಿ ಮಾಡಿತ್ತು, ಬೀಳದಂತೆ ಹಿಡಿಯಬೇಕಾದದ್ದು ಬೇರೆಯೇ ಇತ್ತು. ಗಾಲಿಯ ಒಂದು ಪಕ್ಕದಿಂದ ಹಗ್ಗ ನೇರ ಕೆಳಗೆ ಎಳೆಯುತ್ತದೆ, ಕೇಜಿನ ಭಾರ. ಇನ್ನೊಂದು ಪಕ್ಕದಿಂದ ಓರೆಯಾಗಿ ವೈಂಡರಿನ ಕಡೆ ಎಳೆಯುತ್ತದೆ. ಹಗ್ಗ ಒಂದೇ ಆದ್ದರಿಂದ ಎರಡೂ ಎಳೆತ ಹೆಚ್ಚುಕಮ್ಮಿ ಸಮ. ಎರಡೂ ಕೂಡಿದಾಗ ಗೋಪುರದ ಮೇಲೆ ಬೀಳುವ ಬಲ ಅವೆರಡರ ನಡುವಿನ ದಿಕ್ಕಿಗೆ ಇರುತ್ತದೆ. ಆ ದಿಕ್ಕಿಗೆ ಸರಿಯಾಗಿ ಉದ್ದನೆಯ ಎರಡು ಕಾಲು ಚಾಚಿ ನಿಲ್ಲಿಸಿದರೆ ಬಲವೆಲ್ಲ ಆ ಕಾಲುಗಳ ಮೂಲಕ ನೆಲಕ್ಕೆ ಇಳಿಯುತ್ತದೆ. ಹಟ್ಟಿಯಲ್ಲಾಗಲಿ ಇಲ್ಲಾಗಲಿ, ವೈಂಡರ್ ನೆಲದ ಮೇಲಿರುವ ಹೆಡ್‌ಗೇರ್ ನೋಡಿ, ಓರೆ ಕಾಲುಗಳು ಯಾವಾಗಲೂ ವೈಂಡರ್ ಮನೆಯ ಕಡೆಗೇ ಚಾಚಿರುತ್ತವೆ.

ನಾನು ಇದನ್ನು ಹತ್ತು ವರ್ಷ ಶಾಲೆ ಬಯಲಿಂದ ನೋಡಿದ್ದೇನೆ. ಅದು ಯಾಕೆ ಓರೆ ಅಂತ ನಮಗೆ ಯಾರೂ ಕೇಳಲಿಲ್ಲ. ನಮ್ಮ ಮೇಷ್ಟ್ರು ಸನ್ನೆ ಪಾಠವನ್ನು ಪುಸ್ತಕದ ಚಿತ್ರ ತೋರಿಸಿಯೇ ಮಾಡಿದರು. ಅದರಲ್ಲಿ ಅವರ ತಪ್ಪೇನೂ ಇರಲಿಲ್ಲ, ಪರೀಕ್ಷೆಗೆ ಬರುತ್ತಿದ್ದದ್ದು ಪುಸ್ತಕದ ಚಿತ್ರವೇ. ಕಾರ್ಯಾನುಭವ ಅಂತ ಒಂದು ಪಿರಿಯಡ್ ಇತ್ತಲ್ಲ, ಅದರಲ್ಲಿ ಹುಡುಗಿಯರಿಗೆ ಹೊಲಿಗೆ, ಹುಡುಗರಿಗೆ ಗಿಡಕ್ಕೆ ನೀರು ಹಾಕುವುದು. ಇಲ್ಲಿಯ ಪಠ್ಯದಲ್ಲಿ ತಂತ್ರಜ್ಞಾನದೊಳಗಿನ ತಾರತಮ್ಯ ಅನ್ನುವುದೇ ಒಂದು ಪಾಠ. ಯಂತ್ರವೊಂದನ್ನು ಮಾಡುವಾಗ ಯಾರನ್ನು ಮನಸ್ಸಲ್ಲಿಟ್ಟುಕೊಂಡಿದ್ದರು, ಹೆಂಗಸರನ್ನೋ ಅಂಗವಿಕಲರನ್ನೋ ಲೆಕ್ಕಕ್ಕೆ ತಗೊಂಡಿದ್ದರಾ ಅಂತ ಮಕ್ಕಳು ಚರ್ಚೆ ಮಾಡುತ್ತಾರೆ. ಅದನ್ನು ಓದುವಾಗ ಸ್ವಲ್ಪ ಹೊಟ್ಟೆ ಉರಿಯಿತು ಅಂತಲೇ ಹೇಳುತ್ತೇನೆ.

ಗೋಪುರ ನಿಂತ ಮೇಲೆ ಎತ್ತುವ ಕೆಲಸ. ಡ್ರಮ್ಮಿಗೆ ಒಂದು ಹಿಡಿಕೆ. ಡ್ರಮ್ಮಿನ ನಡುವಿನಿಂದ ಅಂಚಿಗೆ 2 ಸೆಂಟಿಮೀಟರ್, ಹಿಡಿಕೆಯ ಉದ್ದ 10 ಸೆಂಟಿಮೀಟರ್ ಇದ್ದರೆ ನಾವು ಹಾಕುವ ಬಲಕ್ಕೆ ಲೆಕ್ಕದ ಪ್ರಕಾರ ಐದು ಪಟ್ಟು ಭಾರ ಏಳುತ್ತದೆ. ತಿಕ್ಕಾಟದಲ್ಲಿ ಸ್ವಲ್ಪ ಕಳೆಯುತ್ತದೆ. ಇದು ಪುಕ್ಕಟೆ ಅಲ್ಲ. ಒಂದು ಸುತ್ತಿಗೆ ಕೈ ಸುಮಾರು 63 ಸೆಂಟಿಮೀಟರ್ ಓಡಿದರೆ ಕೇಜ್ ಏರುವುದು ಹನ್ನೆರಡೂವರೆ ಅಷ್ಟೇ. ಹಿಡಿಕೆ ಬಿಟ್ಟರೆ ಕೇಜ್ ಧಡ್ ಅಂತ ಬೀಳುತ್ತದೆ. ಅದಕ್ಕೆ ಹಲ್ಲಿನ ಗಾಲಿಯೊಂದನ್ನು ಹಾಕಿ, ಹಿಂದಕ್ಕೆ ತಿರುಗದಂತೆ ತಡೆಯುವ ಸಣ್ಣ ನಾಲಿಗೆ ಕೊಟ್ಟ. ಅಪ್ಪ ಇನ್ನೊಂದು ಮಾತು ಸೇರಿಸಿದರು: ಒಂದು ಕೇಜ್ ಮಾಡಬೇಡ, ಎರಡು ಮಾಡು. ಒಂದು ಏರುವಾಗ ಇನ್ನೊಂದು ಇಳಿಯಲಿ. ಖಾಲಿ ಕೇಜುಗಳ ತೂಕ ಒಂದಕ್ಕೊಂದು ಸರಿಹೋಗುತ್ತದೆ, ಹಗ್ಗದ ತೂಕ ಬಿಟ್ಟರೆ ಯಂತ್ರ ಎತ್ತಬೇಕಾದದ್ದು ಒಳಗಿನ ಅದಿರನ್ನು, ಜನರನ್ನು ಮಾತ್ರ.

ಕರೆಂಟಿನ ಭಾಗಕ್ಕೆ ಬಂದಾಗ ಅಪ್ಪನಿಗೆ ಹುರುಪು ಜಾಸ್ತಿಯಾಯಿತು. ಅವರ ಇಡೀ ನೌಕರಿಯೇ ಗಂಟೆಯ ಮೇಲೆ ನಡೆದದ್ದು. ವೈಂಡರ್ ಮನೆಯಲ್ಲಿ ಕೂತವನಿಗೆ ಶಾಫ್ಟಿನ ಒಳಗೆ ಏನಾಗುತ್ತಿದೆ ಅಂತ ಕಾಣುವುದಿಲ್ಲ. ಮೇಲೆ ಶಾಫ್ಟಿನ ಬಾಯಲ್ಲಿ ಕೇಜ್ ನೋಡಿಕೊಳ್ಳುವ ಬ್ಯಾಂಕ್ಸ್‌ಮನ್, ಕೆಳಗೆ ಅದೇ ಕೆಲಸದವನು ಬಾರಿಸುವ ಗಂಟೆಯನ್ನೇ ನಂಬಬೇಕು. ನಡೆಯುತ್ತಿರುವಾಗ ಒಂದು ಗಂಟೆ ಬಂದರೆ ನಿಲ್ಲಿಸಬೇಕು. ಮೂರು ಬಂದರೆ ಕೇಜಿನಲ್ಲಿ ಮನುಷ್ಯರಿದ್ದಾರೆ ಅಂತ. ಆಗ ವೈಂಡರ್ ನಡೆಸುವ ಕೈಯೇ ಬೇರೆಯಾಗುತ್ತದೆ ಅನ್ನುತ್ತಾರೆ ಅವರು.

ಎಂಟನೇ ತರಗತಿಯಲ್ಲಿ ಆ್ಯಂಡ್ ಗೇಟ್, ಆರ್ ಗೇಟ್ ಅಂತ ಬರುತ್ತದೆ. ಹೆಸರು ದೊಡ್ಡದು, ಮಾಡುವುದು ಸುಲಭ. ಎರಡು ಸ್ವಿಚ್ಚನ್ನು ಒಂದರ ಹಿಂದೆ ಒಂದು ಜೋಡಿಸಿದರೆ ಎರಡೂ ಒತ್ತಿದಾಗ ಮಾತ್ರ ದೀಪ ಹತ್ತುತ್ತದೆ, ಇದು ಆ್ಯಂಡ್ ಗೇಟ್. ಪಕ್ಕಪಕ್ಕ ಜೋಡಿಸಿದರೆ ಯಾವುದಾದರೂ ಒಂದು ಸಾಕು, ಇದು ಆರ್ ಗೇಟ್. ಮಗ ತಾತನ ಮಾತು ಕೇಳಿ ಒಂದು ಸ್ವಿಚ್ಚನ್ನು ಕೇಜಿನ ಬಾಗಿಲಿಗೆ ಇಟ್ಟ, ಇನ್ನೊಂದನ್ನು ಗಂಟೆಗೆ. ಬಾಗಿಲು ಮುಚ್ಚಿ, ಗಂಟೆಯೂ ಆದರೆ ಮಾತ್ರ ಹಸಿರು ದೀಪ. ಸುಮ್ನೆ ಅಂಕಕ್ಕೆ ಮಾಡಿದ್ದಲ್ಲ ಅದು. ಇಲ್ಲಿ ವಾಲ್ ರೀಫ್ಸ್ ಗಣಿಯಲ್ಲಿ 1995ರ ಮೇ 10ರಂದು ಒಂದು ಲೋಕೋ ಎಂಜಿನ್ ಶಾಫ್ಟಿನೊಳಗೆ ಬಿದ್ದು, ಜನ ತುಂಬಿದ್ದ ಕೇಜಿಗೆ ಬಡಿದು 104 ಜನ ಸತ್ತರು. ಟೀಚರ್ ಅದನ್ನು ಕ್ಲಾಸಲ್ಲಿ ಹೇಳಿಯೇ ಸುರಕ್ಷತೆಯ ಪಾಠ ಶುರು ಮಾಡಿದ್ದರಂತೆ.

ಕರೆಂಟಿನ ಮಾತು ಬಂತು ಅಂತ ಒಂದು ಹೇಳುತ್ತೇನೆ. ಇಲ್ಲಿ ಮನೆಯ ಮಾಮೂಲಿ ಪ್ಲಗ್ ಅಂದರೆ ನಮ್ಮೂರಲ್ಲಿ ಗೀಸರಿಗೆ, ಎಸಿಗೆ ಹಾಕುವ ದಪ್ಪ ಮೂರು ಪಿನ್ನಿನದೇ. ಎರಡೂ ದೇಶಕ್ಕೆ ಬ್ರಿಟಿಷರಿಂದ ಬಂದ ಗಂಟು. 230 ವೋಲ್ಟ್, 50 ಹರ್ಟ್ಸ್, ಅದೂ ಒಂದೇ. ಊರಿಂದ ತಂದ ಮಿಕ್ಸಿ ಆರಾಮಾಗಿ ನಡೆಯುತ್ತದೆ. ಲೋಡ್‌ಶೆಡ್ಡಿಂಗ್ ಅನ್ನುವುದೂ ಇಲ್ಲಿ ಹೊಸದಾಗಿ ಕಲಿಯಬೇಕಾಗಿರಲಿಲ್ಲ. 2023ರಲ್ಲಿ ಇಲ್ಲಿ ಅದು ವಿಪರೀತ ಇತ್ತು. ಶಕ್ತಿನಗರದ ಚಿಮಣಿಗಳಿಂದ ನಾಡಿಗೆಲ್ಲ ಕರೆಂಟ್ ಕಳಿಸುವ ಜಿಲ್ಲೆಯಲ್ಲಿ ಕಂದೀಲಿನ ಬೆಳಕಲ್ಲಿ ಓದಿದವರು ನಾವು. ಅಕ್ಕಪಕ್ಕದವರು ಗೊಣಗಿದಷ್ಟು ನಾನು ಗೊಣಗಲಿಲ್ಲ.

ಮಾಡಿ ಮುಗಿಸಿದರೆ ಆಗಲಿಲ್ಲ. ಹುಡುಕು, ಯೋಚಿಸಿ ಚಿತ್ರ ಬರೆ, ಮಾಡು, ಪರೀಕ್ಷಿಸು, ತಿಳಿಸು ಅಂತ ಐದು ಹಂತ. ಮಾದರಿ ಚೆಂದ ಇದೆಯಾ ಅನ್ನುವುದಕ್ಕಿಂತ, ಯಾಕೆ ಹೀಗೆ ಮಾಡಿದೆ, ಎಲ್ಲಿ ಕೆಟ್ಟಿತು, ಎಷ್ಟು ಖರ್ಚಾಯಿತು ಅಂತ ಬರೆದದ್ದಕ್ಕೆ ಬೆಲೆ ಹೆಚ್ಚು. ಮಗಳು ಮೇಲಿನ ತರಗತಿಯವಳು. ಕೆಟ್ಟುಹೋದ ಯಂತ್ರವೊಂದರ ಬಗ್ಗೆ ಮಾತಾಡು ಅಂದಾಗ ಅವಳು ತಗೊಂಡದ್ದು ತುಂಗಭದ್ರಾ ಡ್ಯಾಮನ್ನು. 2024ರ ಆಗಸ್ಟ್ 10ರ ರಾತ್ರಿ 33 ಗೇಟುಗಳಲ್ಲಿ 19ನೆಯದರ ಚೈನ್ ಕಡಿದು ಗೇಟೇ ಕೊಚ್ಚಿಹೋಯಿತಲ್ಲ, ಅದು. ಒಂದು ಚೈನಿನ ಕೊಂಡಿ ಕಡಿದರೆ ರಾಯಚೂರು, ಕೊಪ್ಪಳ, ಬಳ್ಳಾರಿಯ ಭತ್ತದ ಗದ್ದೆಗಳ ನೀರು ಹೇಗೆ ನದಿ ಪಾಲಾಗುತ್ತದೆ ಅಂತ ಚಿತ್ರ ಬರೆದು ವಿವರಿಸಿದಳು. ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರ ಮೇಲ್ವಿಚಾರಣೆಯಲ್ಲಿ, ಹರಿಯುವ ನೀರಿನಲ್ಲೇ ತುಂಡು ತುಂಡಾಗಿ ಸ್ಟಾಪ್‌ಲಾಗ್, ಅಂದರೆ ನೀರು ತಡೆಯುವ ಅಡ್ಡ ಹಲಗೆ, ಇಳಿಸಿ ವಾರದಲ್ಲೇ ನೀರು ನಿಲ್ಲಿಸಿದ್ದನ್ನು ಕೇಳಿ ಇಡೀ ಕ್ಲಾಸು ಚಪ್ಪಾಳೆ ತಟ್ಟಿತಂತೆ.

ಎಲ್ಲ ಶಾಲೆಯೂ ಹೀಗಿದೆ ಅಂದುಕೊಳ್ಳಬೇಡಿ. ಇಲ್ಲೂ ಶುಲ್ಕವಿಲ್ಲದ ಸರ್ಕಾರಿ ಶಾಲೆಗಳೇ ಹೆಚ್ಚು. ಎಷ್ಟೋ ಕಡೆ ವರ್ಕ್‌ಶಾಪ್ ಇಲ್ಲ, ಗರಗಸ ಇಲ್ಲ, ಇರುವ ಟೀಚರಿಗೆ ಈ ವಿಷಯದ ತರಬೇತಿ ಇಲ್ಲ. ಅಲ್ಲಿ ರಟ್ಟು, ತಂತಿ, ಇಂಜೆಕ್ಷನ್ ಸಿರಿಂಜು ಇದರಲ್ಲೇ ಕೆಲಸ ಸಾಗಿಸುತ್ತಾರೆ. ದುಡ್ಡಿದ್ದ ಕಡೆ ಇನ್ನೊಂದು ರೋಗ, ಮಕ್ಕಳ ಮಾದರಿಯನ್ನು ಅಪ್ಪ ಅಮ್ಮಂದಿರೇ ಮಾಡುತ್ತಾರೆ. ಒಂದು ಹೆಡ್‌ಗೇರಿಗಂತೂ ರಿಮೋಟ್ ಮೋಟಾರ್ ಇತ್ತು. ಅದನ್ನು ತಂದ ಹುಡುಗನಿಗೆ ಓರೆ ಕಾಲು ಯಾಕೆ ಅಂತ ಕೇಳಿದರೆ ಬಾಯಿಯೇ ಬರಲಿಲ್ಲ ಅಂತ ನಮ್ಮವನು ಬಹಳ ಖುಷಿಯಲ್ಲಿ ಬಂದು ಹೇಳಿದ. ಅಷ್ಟು ಖುಷಿ ಬೇಡ ಅಂದೆ. ಅವನ ತಾತನೂ ಒಂದು ಲೆಕ್ಕದಲ್ಲಿ ರಿಮೋಟೇ ಅಲ್ವಾ?

ಈಗ ಒಂಬತ್ತನೇ ತರಗತಿಯ ವಿಷಯಕ್ಕೆ ನನಗೆ ನಿಮ್ಮಿಂದ ಸಹಾಯ ಬೇಕು. ಸಾಮಾನು ಹದ ಮಾಡುವ ಪಾಠದಲ್ಲಿ ಕಬ್ಬಿಣಕ್ಕೆ ಸತುವಿನ ಲೇಪ, ಬಣ್ಣ ಇವೆಲ್ಲ ಬಂದ ಮೇಲೆ ಆಹಾರ ಕೆಡದಂತೆ ಇಡುವುದು ಬರುತ್ತದೆ. ಉಪ್ಪಿನಕಾಯಿ, ಒಣಗಿಸುವುದು, ಕಾಳು ಕೂಡಿಡುವುದು. ಮಗಳು ಕಾಳು ತಗೊಂಡಿದ್ದಾಳೆ. ಇಲ್ಲಿನ ಜುಲು ಮತ್ತಿತರ ನ್ಗುನಿ ಜನ ಹಿಂದೆ ದನದ ದೊಡ್ಡಿಯ ನೆಲದಡಿ ಗುಂಡಿ ತೋಡಿ ಜೋಳ ತುಂಬಿ, ಬಾಯಿ ಮುಚ್ಚುತ್ತಿದ್ದರು. ಅದನ್ನು ನೋಡಿದ ಕೂಡಲೇ ನನಗೆ ಅನಿಸಿದ್ದು, ಇದು ನಮ್ಮ ಹಗೇವು!

ಎರಡರ ಒಳಗುಟ್ಟೂ ಒಂದೇ. ಗಾಳಿಯಾಡದಂತೆ ಮುಚ್ಚಿದಾಗ ಕಾಳು, ಹುಳು ಎರಡೂ ಉಸಿರಾಡಿ ಒಳಗಿನ ಆಮ್ಲಜನಕ ತೀರಿಸುತ್ತವೆ, ಇಂಗಾಲದ ಡೈಆಕ್ಸೈಡ್ ತುಂಬುತ್ತದೆ, ಹುಳು ಸಾಯುತ್ತವೆ. ಹಗೇವು ತೆಗೆದ ಕೂಡಲೇ ಯಾರೂ ಇಳಿಯಬಾರದು ಅಂತ ಅವ್ವ ಹೇಳುತ್ತಿದ್ದದ್ದು ಇದಕ್ಕೇ. ಹುಳುವಿಗೆ ಆಗುವುದೇ ಮನುಷ್ಯನಿಗೂ ಆಗುತ್ತದೆ.

ಅವ್ವನ ತವರಿನ ಹಗೇವು ಮುಚ್ಚಿ, ಮೇಲೆ ಸಿಮೆಂಟ್ ರಸ್ತೆ ಬಂದು ಬಹಳ ಕಾಲವಾಯಿತು. ಅವರಿಗೆ ಅಳತೆ ನೆನಪಿಲ್ಲ. ಲಿಂಗಸುಗೂರು, ಮಸ್ಕಿ, ಸಿಂಧನೂರು ಕಡೆ ನಿಮ್ಮ ಓಣಿಯಲ್ಲಿ ಹಳೆಯ ಹಗೇವು ಇನ್ನೂ ಇದ್ದರೆ ಬಾಯಿಯ ಅಗಲ ಎಷ್ಟು, ಆಳ ಎಷ್ಟು, ತಳಕ್ಕೂ ಗೋಡೆಗೂ ಏನು ಹಾಸುತ್ತಿದ್ದರು, ಎಷ್ಟು ಚೀಲ ಜೋಳ ಹಿಡಿಯುತ್ತಿತ್ತು ಅಂತ ಹಿರಿಯರನ್ನು ಕೇಳಿ ಬರೆದು ಕಳಿಸಿ. ಒಳಗೆ ಇಳಿದು ಅಳೆಯಬೇಡಿ, ಮೇಲಿಂದ ಹಗ್ಗ ಬಿಟ್ಟರೆ ಸಾಕು. ನವೆಂಬರ್ ಪರೀಕ್ಷೆಗೆ ಮುಂಚೆ ಸಿಕ್ಕರೆ ಅವಳ ಕಡತಕ್ಕೆ ಸೇರುತ್ತದೆ.